ಸಾವಿರದ ಗೆರೆ

"ಹೇಳೋದಾದ್ರೆ ಸಾವಿರದ ಮೇಲೆ ಹೋದಮೇಲೆ ಹೇಳು," ಎಂದು ನಿಕಾ ಶನಿವಾರ ಸಂಜೆಯೇ ಹೇಳಿಕೊಟ್ಟಿದ್ದಳು. "ಕೆಳಗೆ ಹೇಳಿದ್ರೆ ಅವರು ಡಾಕ್ಟ್ರು, ನೀನು ನರ್ಸು. ಮೇಲೆ ಹೇಳಿದ್ರೆ ಅವನು ಸಿಲ್ವೊ, ನೀನು ಪೊಲೋನಾ. ಅಷ್ಟೇ ವ್ಯತ್ಯಾಸ ಕಣೇ."

ಅಷ್ಟೇ ವ್ಯತ್ಯಾಸ ಎನ್ನುವುದು ಹೇಳುವವರಿಗೆ ಸುಲಭ. ನಿಕಾ ಶಾಲೆಯ ಬಸ್ಸು ಓಡಿಸುವವಳು. ಅವಳ ಗಂಡ ಗಾಶ್ಪರ್ ಮನೆಗಳಿಗೆ ಹೆಂಚಿನ ಮಾಡು ಹೊದಿಸುವವನು. ಸೋಮವಾರ ಬೆಳಿಗ್ಗೆ ಬಿಳಿ ಕೋಟು ತೊಟ್ಟು ಡಾಕ್ಟರ್ ಸಿಲ್ವೊ ಝುಪಾನರ ಹಲ್ಲಿನ ದವಾಖಾನೆಯಲ್ಲಿ ಅವರ ಪಕ್ಕ ನಿಲ್ಲಬೇಕಾದ ಕರ್ಮ ಇವರಿಬ್ಬರಿಗೂ ಇರಲಿಲ್ಲ. ಅದು ಪೊಲೋನಾಳದು. ಹದಿನಾಲ್ಕು ವರ್ಷದಿಂದ ನಿಲ್ಲುತ್ತಿದ್ದಾಳೆ.

ಅವರ ಊರಿನ ಬೆಟ್ಟಗಳಲ್ಲಿ ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದ ಮೇಲೆ ಯಾರೂ ಯಾರಿಗೂ 'ನೀವು' ಎನ್ನುವುದಿಲ್ಲ. ಮಂತ್ರಿಯಿರಲಿ, ಪಾದ್ರಿಯಿರಲಿ, ಬ್ಯಾಂಕಿನ ಮ್ಯಾನೇಜರ್ ಇರಲಿ, ಎಲ್ಲರೂ 'ನೀನು'. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಹೆಚ್ಚಿನವರು ಅದನ್ನು ಕಣ್ಣಂದಾಜಿನಲ್ಲಿ ಪಾಲಿಸುತ್ತಾರೆ, ಎಲ್ಲೋ ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ ನಾಲಿಗೆ ತಾನಾಗಿ ಸಡಿಲವಾಗುತ್ತದೆ. ಡಾಕ್ಟರ್ ಝುಪಾನ್ ಮಾತ್ರ ಕಣ್ಣಂದಾಜಿನ ಮನುಷ್ಯರಲ್ಲ. ಅವರ ಎಡಗೈಯಲ್ಲಿ ಎತ್ತರ ತೋರಿಸುವ ಗಡಿಯಾರವಿದೆ. ಅದು ಸಾವಿರ ಮುಟ್ಟಿತೋ, ಅಲ್ಲೇ ನಿಂತುಬಿಡುತ್ತಾರೆ. ಹಿಂದೆ ಯಾರು ಏದುಸಿರು ಬಿಡುತ್ತ ಬರುತ್ತಿದ್ದರೂ ಸರಿ, ಬೆವರೊರೆಸಿಕೊಂಡು, ಒಬ್ಬೊಬ್ಬರ ಕೈಯನ್ನೂ ಕುಲುಕಿ, "ಸಿಲ್ವೊ," ಎಂದು ಈಗಷ್ಟೇ ಪರಿಚಯವಾದವರ ಹಾಗೆ ಹೆಸರು ಹೇಳಿಕೊಳ್ಳುತ್ತಾರೆ. ಇಳಿಯುವಾಗಲೂ ಅಷ್ಟೇ. ಗೆರೆ ಬಂದಲ್ಲಿ ನಿಂತು, ಟೋಪಿ ಸರಿಮಾಡಿಕೊಂಡು, "ಸರಿ, ಇನ್ನು ಡಾಕ್ಟರ್," ಎನ್ನುತ್ತಾರೆ. ಒಮ್ಮೆ ಗಾಶ್ಪರ್ ಗೆರೆಗಿಂತ ಸ್ವಲ್ಪ ಕೆಳಗೇ "ನೀನು" ಎಂದು ಬಾಯಿಬಿಟ್ಟಿದ್ದಕ್ಕೆ, "ಇನ್ನೂ ಸ್ವಲ್ಪ ಏರಬೇಕು, ಗಾಶ್ಪರ್ ಅವರೇ," ಎಂದು ಬಹಳ ಮರ್ಯಾದೆಯಿಂದ ತಿದ್ದಿದ್ದರು.

ಕೆಳಗೆ, ದವಾಖಾನೆಯಲ್ಲಿ, ಅವರು ಪೊಲೋನಾಳಿಗೂ 'ನೀವು' ಎನ್ನುತ್ತಾರೆ. "ಪೊಲೋನಾ ಅವರೇ, ದಯವಿಟ್ಟು ಹತ್ತಿ ಕೊಡ್ತೀರಾ?" ಹಳೇ ಕಾಲದ ಶಿಸ್ತು. ಮೇಲೆ ಹೋದರೆ ಅದೇ ಮನುಷ್ಯ ಅವಳ ಚೀಲಕ್ಕೆ ಕೈಹಾಕಿ ಒಣ ಪ್ಲಮ್ ಹಣ್ಣು ಕದ್ದು ತಿನ್ನುತ್ತಾನೆ, ಹಾಡುತ್ತಾನೆ, ಸತ್ತ ಹೆಂಡತಿಯ ನೆನಪು ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ, ಅವಳ ಕಷ್ಟಸುಖ ಕೇಳುತ್ತಾನೆ. ಭಾನುವಾರ ಆ ಗೆರೆ ದಾಟಿದ ಮೇಲೆ ಪೊಲೋನಾಳಿಗೊಬ್ಬ ಗೆಳೆಯನಿದ್ದ. ಉಳಿದ ದಿನ ಇರಲಿಲ್ಲ. ಇರುವಷ್ಟನ್ನೂ ಕಳೆದುಕೊಳ್ಳುವ ಭಯ ಅವಳನ್ನು ಶನಿವಾರ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ಆಗಿದ್ದಿಷ್ಟೇ. ಅವರ ಊರಾದ ಯಾವೊರ್ಯೆಯ ಅಗ್ನಿಶಾಮಕ ದಳದವರು ಬೇಸಿಗೆಯಲ್ಲಿ ನಡೆಸುವ ಕೊಝ್ಯಾಕ್ ಬೆಟ್ಟದ ಓಟ ಇಷ್ಟು ವರ್ಷ ನಾಲ್ವರ ತಂಡಗಳದ್ದು. ಈ ನಾಲ್ವರೂ ಪ್ರತಿ ವರ್ಷ ಓಡಿದವರು, ಒಂದು ಸಲವೂ ಗೆಲ್ಲದವರು. ಈ ವರ್ಷ ದಳದವರಿಗೆ ಏನು ಹೊಳೆಯಿತೋ, ಮೂವರ ತಂಡ ಎಂದುಬಿಟ್ಟರು. ಮೂವರೂ ಕೈ ಕೈ ಹಿಡಿದು ಕೊನೆಯ ಗೆರೆ ದಾಟಬೇಕು, ಹಿಂದೆ ಬಿದ್ದವರ ಸಮಯವೇ ತಂಡದ ಸಮಯ. ಇಳಿಯುವ ದಾರಿಯನ್ನೂ ಬದಲಾಯಿಸಿದರು. ಈ ಭಾನುವಾರ ಸಂಜೆಯೊಳಗೆ ಹೆಸರು ಬರೆಸಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ಹೊಸ ದಾರಿಯನ್ನು ಒಮ್ಮೆ ಓಡಿ ನೋಡಿಬರುವುದು, ಸಂಜೆ ಮೂರು ಹೆಸರು ಕೊಡುವುದು ಎಂದು ತೀರ್ಮಾನವಾಗಿತ್ತು. ಯಾವ ಮೂರು ಎಂಬುದನ್ನು ಮಾತ್ರ ನಾಲ್ವರೂ ಸೇರಿದ್ದಾಗ ಯಾರೂ ಎತ್ತಿರಲಿಲ್ಲ. ಕೊನೆಗೆ ಎತ್ತಿದವಳು ನಿಕಾ, ಅದೂ ಪೊಲೋನಾಳ ಅಡುಗೆಮನೆಯಲ್ಲಿ, ಗುಟ್ಟಾಗಿ.

"ಡಾಕ್ಟ್ರು ಇಳಿಜಾರಲ್ಲಿ ತುಂಬ ತಡ ಮಾಡ್ತಾರೆ. ಮಂಡಿ ಹೋಗಿದೆ ಅವರದ್ದು. ಗೊತ್ತಲ್ಲ ನಿಂಗೆ."

"ಗೊತ್ತು."

"ನೀನು ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ. ನಿನ್ನ ಮೇಲೆ ಅವರಿಗೆ ಪ್ರೀತಿ."

ಹೀಗೆ ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಪೊಲೋನಾಳ ತಲೆಗೆ ಬಂದಿತ್ತು.

ಗಾಶ್ಪರನ ವ್ಯಾನಿನಲ್ಲಿ ಬೆಟ್ಟದ ಬುಡಕ್ಕೆ ಬಂದು ಇಳಿದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಡಾಕ್ಟರು ಎಲ್ಲರಿಗೂ ಶುಭೋದಯ ಹೇಳಿ, "ಪೊಲೋನಾ ಅವರೇ, ಚೆನ್ನಾಗಿ ನಿದ್ದೆ ಬಂತಾ?" ಎಂದು ಕೇಳಿದರು.

"ಬಂತು ಡಾಕ್ಟ್ರೇ," ಎಂದು ಪೊಲೋನಾ ಹಸೀ ಸುಳ್ಳು ಹೇಳಿದಳು.

ಮೊದಲ ಏರು ಬೀಚ್ ಮರಗಳ ಕಾಡಿನೊಳಗೆ. ಗಾಶ್ಪರ್ ಮತ್ತು ನಿಕಾ ಮೇಕೆಗಳ ಹಾಗೆ ಹಾರಿಕೊಂಡು ಹೋದರು. ಡಾಕ್ಟರು ಉದ್ದ ಕಾಲು ಹಾಕುತ್ತ, ಮೂಗಿನಲ್ಲೇ ಉಸಿರಾಡುತ್ತ ಅವರ ಬೆನ್ನಿಗೇ ಇದ್ದರು. ಪೊಲೋನಾ ತನ್ನ ಪಾಡಿಗೆ ತಾನು ಬಂದಳು. ಮೇಲಿನ ತಿರುವಿನಲ್ಲಿ ಮೂವರೂ ಸೊಂಟಕ್ಕೆ ಕೈಯಿಟ್ಟು ನೋಟ ನೋಡುತ್ತ ನಿಂತಿದ್ದರು. ಇಂಥ ನಿಲುಗಡೆಗಳು ಅವಳಿಗೆ ಬಹಳ ಇಷ್ಟ. ಬೆಟ್ಟಕ್ಕೆ ಬಂದು ಸುತ್ತಮುತ್ತ ನೋಡದೆ ಓಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಕಾಡು ಮುಗಿಯುವಲ್ಲಿ ಡಾಕ್ಟರು ಕೈಯೆತ್ತಿದರು. "ಸಾವಿರ!"

ಎಲ್ಲರೂ ಸಾಲಾಗಿ ನಿಂತರು. ಕೈ ಕುಲುಕಾಟ ಆಯಿತು. "ಸಿಲ್ವೊ." "ಪೊಲೋನಾ." "ಸಿಲ್ವೊ." "ನಿಕಾ." ಗಾಶ್ಪರ್ ಬೇಕೆಂದೇ, "ಎಲ್ಲೋ ನೋಡಿದ ಹಾಗಿದೆಯಲ್ಲ ನಿನ್ನನ್ನ," ಎಂದ. ಇನ್ನು ಇಳಿಯುವವರೆಗೆ ನಾವೂ ಅವನನ್ನು ಸಿಲ್ವೊ ಎಂದೇ ಕರೆಯೋಣ.

ಹುಲ್ಲುಗಾವಲಿನಲ್ಲಿ ಸಿಲ್ವೊ ಪೊಲೋನಾಳ ಪಕ್ಕಕ್ಕೇ ಬಂದ. ಈಗಲೇ ಹೇಳಬೇಕು ಎಂದುಕೊಂಡಳು ಅವಳು. ಅಷ್ಟರಲ್ಲಿ ಅವನೇ, "ಪೊಲೋನಾ, ನಿಂಗೊಂದು ಮಾತು ಹೇಳ್ಬೇಕಿತ್ತು," ಎಂದ.

"ಹೇಳು."

ಅವನು ಅವಳ ಮುಖ ನೋಡಿದ, ಆಕಾಶ ನೋಡಿದ, ಕೊನೆಗೆ ಅವಳ ಕಾಲು ನೋಡಿದ. "ನಿನ್ನ ಬೂಟಿನ ದಾರ ಬಿಚ್ಚಿದೆ."

ಬಿಚ್ಚಿರಲಿಲ್ಲ. ಆದರೂ ಪೊಲೋನಾ ಬಗ್ಗಿ ಇನ್ನೊಮ್ಮೆ ಕಟ್ಟಿಕೊಂಡಳು. ಅವಳಿಗೂ ಮುಖ ಮುಚ್ಚಿಕೊಳ್ಳಲು ಏನಾದರೂ ಬೇಕಾಗಿತ್ತು.

ಅಲ್ಲಿಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಬಡಗಣ ಮಗ್ಗುಲಿನ ಕೊರಕಲಿನಲ್ಲಿ ಚಳಿಗಾಲದ ಹಿಮ ಇನ್ನೂ ಗಟ್ಟಿಯಾಗಿ ಕೂತಿತ್ತು. ಗಾಶ್ಪರ್ ಹಿಮ್ಮಡಿಯಿಂದ ಒದ್ದು ಒದ್ದು ಮೆಟ್ಟಿಲು ಮಾಡಿ ದಾಟಿ, ತಿರುಗಿ ಬಂದು, ಮತ್ತೆ ದಾಟಿ ನೋಡಿದ. ಅವನಿಗೆ ಮನೆಯ ಮಾಡೂ ಒಂದೇ ಬೆಟ್ಟವೂ ಒಂದೇ. ಬಂಡೆಯ ಅಂಚಿನಲ್ಲಿ ಉಕ್ಕಿನ ಹಗ್ಗ ಹಿಡಿದು ಒಬ್ಬೊಬ್ಬರಾಗಿ ಹೋಗಬೇಕಾದ ಜಾಗವೊಂದಿತ್ತು. ನಿಕಾ ಅಲ್ಲಿ ನಿಂತು ಪೆನ್ನು ತೆಗೆದು ತನ್ನ ತೋಳಿನ ಮೇಲೇ ಬರೆದುಕೊಂಡಳು.

"ಇಲ್ಲಿ ಮುಂದೆ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಮುಗೀತು, ದಾರಿ ಬಿಡೋಕೆ ಜಾಗ ಇಲ್ಲ. ಲ್ಯುಬ್ಲ್ಯಾನಾದ ಪೇಟೆಯವರು ಬರ್ತಾರಲ್ಲ, ಬಣ್ಣಬಣ್ಣದ ಚಡ್ಡಿ ಹಾಕ್ಕೊಂಡು, ಹಗ್ಗ ಕಂಡ್ರೆ ದೇವರನ್ನ ಕಂಡ ಹಾಗೆ ತಬ್ಕೊಂಡು ನಿಲ್ತಾರೆ. ಅವರನ್ನ ಕೆಳಗಿನ ಹುಲ್ಲಲ್ಲೇ ಹಿಂದೆ ಹಾಕ್ಬೇಕು."

"ಹುಲ್ಲಿನ ಏರಲ್ಲಾ?" ಎಂದು ಗಾಶ್ಪರ್ ಕೇಳಿದ. ಕೇಳಿ ಸಿಲ್ವೊನ ಕಡೆ ನೋಡಿದ. ಸಿಲ್ವೊ ಕೆಮ್ಮಿದ.

ತುದಿಯಲ್ಲಿ ಕಬ್ಬಿಣದ ಡಬ್ಬಿಯೊಳಗೆ, ಹತ್ತಿ ಬಂದವರು ಗುರುತಿಗೆ ಒತ್ತಿಕೊಳ್ಳುವ ಬೆಟ್ಟದ ಮುದ್ರೆ ಇತ್ತು, ಶಾಯಿ ಒಣಗಿತ್ತು. ಸಿಲ್ವೊ ಮುದ್ರೆಯನ್ನು ಬಾಯಿಯ ಹತ್ತಿರ ತಂದು ದೊಡ್ಡದಾಗಿ "ಹಾ" ಎಂದು ಉಸಿರು ಬಿಟ್ಟು, ಪೊಲೋನಾಳ ಮುಂಗೈಗೆ ಒತ್ತಿದ. ಕೊಝ್ಯಾಕ್ ಎಂಬುದರಲ್ಲಿ ಅರ್ಧ ಮಾತ್ರ ಮೂಡಿತು. ಅವನು ಹುಡುಗನ ಹಾಗೆ ನಕ್ಕ. ಪೊಲೋನಾ ಅರ್ಧ ಮುದ್ರೆಯನ್ನೇ ನೋಡುತ್ತ ನಿಂತಳು. ಇವನಿಗೆ ಹೇಗಪ್ಪಾ ಹೇಳೋದು?

ತುದಿಯ ಕೆಳಗೆ, ಚಾರಣಿಗರಿಗೆ ಊಟ ಕೊಡುವ ಬೆಟ್ಟದ ಮನೆಯಲ್ಲಿ ಬಾರ್ಲಿ ಗಂಜಿ ಕುಡಿಯುವಾಗ ನಿಕಾ ಮೇಜಿನಡಿ ಅವಳ ಕಾಲಿಗೆ ಒದ್ದಳು. ಪೊಲೋನಾ ಚಮಚ ಕೆಳಗಿಟ್ಟು, "ಸಿಲ್ವೊ, ಈ ಇಳಿಯೋ ವಿಷ್ಯ ಇದೆಯಲ್ಲ," ಎಂದು ಶುರುಮಾಡಿದಳು.

"ಹೌದೌದು, ಏರೋ ವಿಷ್ಯಾನೂ ಇದೆ," ಎಂದು ಸಿಲ್ವೊ ಗಡಿಬಿಡಿಯಲ್ಲಿ ಅಂದ. ಇಬ್ಬರೂ ಮತ್ತೆ ಗಂಜಿಗೆ ಬಗ್ಗಿದರು. ಬೆಟ್ಟದ ಮನೆಯ ಯಜಮಾನಿ ಬಂದು, ಮಧ್ಯಾಹ್ನದ ಮೇಲೆ ಗುಡುಗು ಮಳೆಯಿದೆ, ಹರಟೆ ಸಾಕು, ಬೇಗ ಇಳಿಯಿರಿ ಎಂದು ತಟ್ಟೆ ಎತ್ತಿಕೊಂಡು ಹೋದಳು.

ಇಳಿಯುವ ದಾರಿ ನಾಲ್ವರಿಗೂ ಹೊಸತು. ಬೆಟ್ಟದ ಮೂಡಣ ಮಗ್ಗುಲಲ್ಲಿ ಸಡಿಲ ಕಲ್ಲಿನ ಇಳಿಜಾರು, ಅದರ ಕೆಳಗೆ ಕಾಡು, ಅದರ ಕೆಳಗೆ ಹುಲ್ಲುಗಾವಲುಗಳು, ಕೊನೆಗೆ ಒಂದು ಸೇತುವೆ, ಸೇತುವೆಯಾಚೆ ಹೋಟೆಲು. "ಹೋಟೆಲಲ್ಲಿ ಕಾಯ್ತೀವಿ," ಎಂದು ಗಂಡ ಹೆಂಡತಿ ಕಾಲು ಕಿತ್ತರು. ಹೋಗುವ ಮುನ್ನ ನಿಕಾ ಪೊಲೋನಾಳಿಗೊಂದು ಕಣ್ಣು ಮಿಟುಕಿಸಿದಳು. ಗಾಶ್ಪರ್ ಸಿಲ್ವೊನಿಗೊಂದು ಮಿಟುಕಿಸಿದ್ದನ್ನು ಪೊಲೋನಾ ಗಮನಿಸಲಿಲ್ಲ.

ಸಿಲ್ವೊ ಇಳಿಯುವುದೆಂದರೆ, ಅಟ್ಟದಿಂದ ಗಾಜಿನ ಸಾಮಾನು ಹೊತ್ತು ಇಳಿಯುವವರ ಹಾಗೆ. ಅಡ್ಡಡ್ಡ ತಿರುಗಿ, ಒಂದೊಂದೇ ಕಾಲು, ಪ್ರತಿ ಕಲ್ಲನ್ನೂ ತಟ್ಟಿ ನೋಡಿ. ಪೊಲೋನಾ ಇಳಿಜಾರಿನಲ್ಲಿ ನೀರು. ಒಂದಷ್ಟು ದೂರ ಹರಿದು ಹೋಗುವಳು, ನಿಲ್ಲುವಳು, ಚೀಲ ಬಿಚ್ಚಿ ಏನೋ ಹುಡುಕುವಳು. ಅವನು ಬಂದು ಸೇರಿದ ಮೇಲೆ ಚೀಲ ಮುಚ್ಚಿ ಮತ್ತೆ ಹೊರಡುವಳು. ಅಷ್ಟರಲ್ಲಿ ಕೊಝ್ಯಾಕಿನ ನೆತ್ತಿಯ ಮೇಲೆ ಮೋಡ ಕಪ್ಪಾಯಿತು. ಕಾಡು ದಾಟಿ ಮೊದಲ ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಗುಡುಗಿ, ಕೊಡದಲ್ಲಿ ಹೊಯ್ದ ಹಾಗೆ ಮಳೆ ಬಂತು. ಹುಲ್ಲಿನ ನಡುವೆ ಹುಲ್ಲು ಒಣಹಾಕುವ ಮರದ ಚಪ್ಪರವೊಂದಿತ್ತು. ಮೇಲೆ ಹೆಂಚು, ಕೆಳಗೆ ಕಳೆದ ವರ್ಷದ ಹುಲ್ಲಿನ ರಾಶಿ. ಇಬ್ಬರೂ ಓಡಿಹೋಗಿ ಅದರಡಿ ಕೂತರು.

ಸಿಲ್ವೊ ಗಡಿಯಾರ ನೋಡಿಕೊಂಡ. "ಸಾವಿರದ ಇಪ್ಪತ್ತು," ಎಂದ.

ಇಪ್ಪತ್ತು ಮೀಟರ್ ಅಷ್ಟೇ ಉಳಿದಿದೆ ಎಂದು ಪೊಲೋನಾ ಲೆಕ್ಕ ಹಾಕಿದಳು. ಮಳೆ ನಿಂತರೆ ನಾಲ್ಕು ಹೆಜ್ಜೆಗೆ ಗೆರೆ ಬರುತ್ತದೆ. ಆಮೇಲೆ ಡಾಕ್ಟರು, ಆಮೇಲೆ ನೀವು, ಆಮೇಲೆ ಸಂಜೆ. ಅವಳು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಸಿಲ್ವೊ, ನೀನು ಇಳಿಜಾರಲ್ಲಿ ತುಂಬಾ ನಿಧಾನ. ನಿನ್ನನ್ನ ಕಟ್ಕೊಂಡ್ರೆ ನಾವು ಓಟ ಮುಗಿಸೋ ಹೊತ್ತಿಗೆ ದಳದವರು ಬ್ಯಾನರ್ ಬಿಚ್ಕೊಂಡು ಹೋಗಿರ್ತಾರೆ. ಈ ವರ್ಷ ನೀನು ಓಡಬೇಡ."

ಅವಳು ಒಂದು ಕಣ್ಣು ತೆರೆದಳು. ಸಿಲ್ವೊ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ. ಅಳುತ್ತಿದ್ದಾನೆ ಎಂದುಕೊಂಡಳು. ಅವನು ಅಳುತ್ತಿರಲಿಲ್ಲ, ನಗು ತಡೆಯಲಾರದೆ ಒದ್ದಾಡುತ್ತಿದ್ದ.

"ನಿಂಗ್ಯಾರು ಹೇಳಿ ಕಳಿಸಿದ್ದು? ನಿಕಾ ತಾನೇ?"

"ಹ್ಞೂಂ."

"ನಂಗೆ ಗಾಶ್ಪರ್. ಶುಕ್ರವಾರ ಹಲ್ಲು ತುಂಬಿಸ್ಕೊಳ್ಳೋಕೆ ಬಂದಿದ್ನಲ್ಲ, ನೀನು ಎಕ್ಸ್-ರೇ ತರೋಕೆ ಹೋದಾಗ ಹೇಳ್ದ. ಅರ್ಧ ಬಾಯಿ ಮರಗಟ್ಟಿತ್ತು, ಆದ್ರೂ ಸ್ಪಷ್ಟವಾಗೇ ಹೇಳ್ದ. ಪೊಲೋನಾ ಏರಲ್ಲಿ ತುಂಬಾ ನಿಧಾನ, ಓಡಬೇಡ ಅಂತ ನೀವೇ ಹೇಳಿಬಿಡಿ ಡಾಕ್ಟ್ರೇ, ನಿಮ್ಮ ಮಾತಾದ್ರೆ ಬೇಜಾರು ಮಾಡ್ಕೊಳ್ಳಲ್ಲ ಅಂತ. ಬೆಳಿಗ್ಗೆಯಿಂದ ನಾಲಿಗೆ ತುದೀಲಿ ಇಟ್ಕೊಂಡು ತಿರುಗ್ತಿದೀನಿ ಕಣೇ."

ಪೊಲೋನಾಳಿಗೆ ನಗು ಬರಲಿಲ್ಲ. "ನಾನಾ? ನಾನು ನಿಧಾನಾನಾ?"

"ಅಲ್ವಾ ಮತ್ತೆ? ಪ್ರತಿ ತಿರುವಲ್ಲೂ ನಿನಗೆ ಕಾಯ್ತಾ ನಿಲ್ತೀವಲ್ಲ."

"ನೋಟ ನೋಡ್ತಿದೀರ ಅಂದ್ಕೊಂಡಿದ್ದೆ!"

"ಆ ಕಾಡೊಳಗೆ ಎಂಥ ನೋಟ? ಮರದ ಹಿಂದೆ ಮರ."

"ಓಹೋ! ಹಾಗಾದ್ರೆ ಇಳಿಯೋವಾಗ ನಾನು ಚೀಲ ಬಿಚ್ಚಿ ಬಿಚ್ಚಿ ಏನು ಹುಡುಕ್ತೀನಿ ಅಂದ್ಕೊಂಡಿದ್ದೆ ನೀನು?"

"ಪ್ಲಮ್ ಹಣ್ಣು."

"ಅದನ್ನ ನೀನು ಬೆಳಿಗ್ಗೆಯೇ ಖಾಲಿ ಮಾಡಿರ್ತೀಯ! ನಿನ್ನನ್ನ ಕಾಯೋಕೆ ಕಣೋ ಅದು, ಅವಮಾನ ಆಗ್ಬಾರದು ಅಂತ!"

ಆಮೇಲೆ ನಡೆದದ್ದು ಒಳ್ಳೇ ಜಗಳ. ಇಷ್ಟು ವರ್ಷ ಒಬ್ಬರಿಗೊಬ್ಬರು ಮಾಡಿದ ಉಪಕಾರಗಳನ್ನೆಲ್ಲ ತೆಗೆತೆಗೆದು ಮುಖಕ್ಕೆ ಎಸೆದರು. ಸಿಲ್ವೊ ಅವಳ ಕಾಲುಗಳನ್ನು ಆಡಿಕೊಂಡ. ಅವಳು ಅವನ ಮಂಡಿಯಿಂದ ಶುರುಮಾಡಿ ಗಡಿಯಾರದವರೆಗೆ ಏನನ್ನೂ ಬಿಡಲಿಲ್ಲ. ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದರಿಂದ ಇಬ್ಬರೂ ಕಿರುಚಲೇಬೇಕಾಗಿತ್ತು. ಕಿರುಚುವುದರಲ್ಲಿ ಒಂದು ಸುಖವಿದೆ, ಒಂದು ಮಾತಿನ ಹಿಂದೆ ಇನ್ನೊಂದು ತಾನಾಗಿ ಎದ್ದು ಬರುತ್ತದೆ. ಹಾಗೆ ಎದ್ದು ಬಂದದ್ದು, ಅವಳು ಯಾವತ್ತೂ ಹೇಳಬೇಕೆಂದುಕೊಂಡಿರದ ಮಾತು.

"ಹೋದ ವರ್ಷ ಸೋಮವಾರ ರಾತ್ರಿ ಅಮ್ಮ ಆಸ್ಪತ್ರೆ ಸೇರಿದಾಗ ನಿಂಗೆ ಗೊತ್ತಿತ್ತು. ಇಡೀ ವಾರ ನನ್ನ ಪಕ್ಕದಲ್ಲೇ ನಿಂತಿದ್ದೆ. ಹತ್ತಿ ಕೊಡಿ, ಕನ್ನಡಿ ಕೊಡಿ. ಒಂದು ಮಾತು ಕೇಳ್ಲಿಲ್ಲ. ಭಾನುವಾರ ಮೇಲೆ ಬಂದಮೇಲೆ ನನ್ನ ಕೈ ಹಿಡ್ಕೊಂಡು ನೀನೇ ಅತ್ತುಬಿಟ್ಟೆ. ನಂಗೆ ಭಾನುವಾರ ಯಾಕೆ ಬೇಕಿತ್ತು ಸಿಲ್ವೊ? ಭಾನುವಾರಕ್ಕೆ ಅವಳು ಎದ್ದು ಕೂತು ಸೂಪು ಕುಡೀತಿದ್ಲು. ನಂಗೆ ಮಂಗಳವಾರ ಬೇಕಿತ್ತು."

ಸಿಲ್ವೊ ಒಂದು ಹುಲ್ಲಿನ ಕಡ್ಡಿ ಎತ್ತಿಕೊಂಡು ತುಂಡು ತುಂಡು ಮಾಡಿದ.

"ಕೆಳಗೆ ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ," ಎಂದ. "ನಿಜವಾಗ್ಲೂ. ಮಂಗಳವಾರ ಬೆಳಿಗ್ಗೆ ಬಾಗಿಲ ಹತ್ರ ಕೇಳ್ಬೇಕು ಅಂತ ನಿಂತಿದ್ದೆ. 'ನಿಮ್ಮ ತಾಯಿಯವರು ಹೇಗಿದ್ದಾರೆ' ಅಂತ ಮನಸ್ಸಲ್ಲೇ ಹೇಳಿ ನೋಡ್ಕೊಂಡೆ. ಇನ್ಶೂರೆನ್ಸ್‌ನವರು ಕೇಳಿದ ಹಾಗಿತ್ತು. ಹಾಗೆ ಕೇಳೋಕೆ ಮನಸ್ಸಾಗ್ಲಿಲ್ಲ. ಭಾನುವಾರ ಸರಿಯಾಗಿ ಕೇಳೋಣ ಅಂತ ಬಿಟ್ಟೆ."

ಪೊಲೋನಾಳಿಗೆ ಕೋಪವೂ ಬಂತು, ಪಾಪ ಎಂದೂ ಅನ್ನಿಸಿತು. ಇಷ್ಟು ಓದಿದವನು, ಊರಿನ ಅರ್ಧ ಹಲ್ಲು ಕಿತ್ತವನು, ಒಂದು ಪ್ರಶ್ನೆಗೆ ಬೆಟ್ಟ ಹತ್ತಬೇಕಾಯಿತಲ್ಲ ಎಂದು. ಅವಳು ಮೂಗು ಒರೆಸಿಕೊಂಡಳು. ಮಳೆ ಸಣ್ಣಗಾಯಿತು, ನಿಂತಿತು.

"ಗೆರೆಗೆ ಮುಂಚೆ ಎಲ್ಲ ಆಗಿಹೋಯ್ತಲ್ಲ, ಒಳ್ಳೇದೇ ಆಯ್ತು," ಎಂದು ಸಿಲ್ವೊ ಎದ್ದ. ಚಪ್ಪರದ ಆಚೆ ಮಗ್ಗುಲಿಗೆ ಹೋದ. ಹೋದವನು ಅಲ್ಲೇ ಕಂಬವಾದ.

ಚಪ್ಪರದ ಕಂಬಕ್ಕೆ ಚಾರಣ ಸಂಘದವರು ದಾರಿ ತೋರಿಸುವ ಕೆಂಪು ಹಲಗೆ ಹೊಡೆದಿದ್ದರು, ಕೆಳಗಿನಿಂದ ಬರುವವರಿಗೆ ಕಾಣುವ ಹಾಗೆ. ಹಲಗೆಯಲ್ಲಿ ಆ ಹುಲ್ಲುಗಾವಲಿನ ಹೆಸರಿತ್ತು, ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಎತ್ತರ: 948.

ಸಿಲ್ವೊ ಹಲಗೆ ನೋಡಿದ, ಗಡಿಯಾರ ನೋಡಿದ, ಹಲಗೆ ನೋಡಿದ. ಗಡಿಯಾರ ಈಗಲೂ ಸಾವಿರದ ಮೇಲೆಯೇ ತೋರಿಸುತ್ತಿತ್ತು. ಅದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಜಾತಿಯದು. ಬಿರುಮಳೆಗೆ ಮುಂಚೆ ಒತ್ತಡ ಕುಸಿದರೆ, ಕೂತಲ್ಲೇ ಕೂತಿದ್ದರೂ ಮೇಲೇರಿದ್ದೀಯ ಎಂದು ಹೊಗಳುತ್ತದೆ. ಬೇರೆ ಯಾರೇ ಆಗಿದ್ದರೂ ಕಾಡು ಮುಗಿದದ್ದು ನೋಡಿ, ದನದ ಗಂಟೆ ಕೇಳಿ, ಇಷ್ಟು ಕೆಳಗೆ ಬಂದಿದ್ದೇವೆ ಎಂದು ತಿಳಿದುಕೊಳ್ಳುತ್ತಿದ್ದರು. ಗಡಿಯಾರವಿದ್ದವನಿಗೆ ಕಣ್ಣು ಯಾಕೆ ಬೇಕು?

ಅಂದರೆ ಆ ಜಗಳವಷ್ಟೂ, ಏಕವಚನದ ಬೈಗುಳವಷ್ಟೂ, ಅಮ್ಮನ ಮಾತೂ, ಗೆರೆಯ ಕೆಳಗೆ ನಡೆದುಹೋಗಿತ್ತು.

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಬೆನ್ನು ನೆಟ್ಟಗಾಯಿತು. ನೋಡನೋಡುತ್ತಲೇ ಅಲ್ಲಿ ಡಾಕ್ಟರ್ ಝುಪಾನ್ ನಿಂತಿದ್ದರು.

"ಪೊಲೋನಾ ಅವರೇ, ಕ್ಷಮಿಸಬೇಕು. ತಪ್ಪು ಪೂರ್ತಿ ನನ್ನದು. ತಮಗೆ ಒಪ್ಪಿಗೆಯಾದರೆ, ಇಲ್ಲಿ ಆಡಿದ್ದು ಯಾವುದೂ ಆಡಿದ ಹಾಗಲ್ಲ ಅಂತ ಇಟ್ಕೊಳ್ಳಬಹುದು. ನಾಳೆ ಬೆಳಿಗ್ಗೆ ಎಂದಿನ ಹಾಗೆ."

ಒಪ್ಪಿಕೊಳ್ಳುವುದು ಬಹಳ ಸುಲಭವಿತ್ತು. ಹ್ಞೂಂ ಎಂದರೆ ಸಾಕು, ನಾಳೆಯ ಬಿಳಿ ಕೋಟು ಸುಕ್ಕಿಲ್ಲದೆ ಕಾದಿರುತ್ತದೆ, ಮುಂದಿನ ಭಾನುವಾರ ಕೈ ಕುಲುಕಾಟವೂ ಇರುತ್ತದೆ. ಪೊಲೋನಾ ಹ್ಞೂಂ ಎನ್ನಲು ಬಾಯಿ ತೆರೆದಳು ಕೂಡ. ಆದರೆ ಈಗಷ್ಟೇ ಕಿರುಚಿ ಹಗುರವಾದ ಎದೆ ಒಪ್ಪಲಿಲ್ಲ. ಹೇಳಿದ್ದನ್ನು ವಾಪಸು ನುಂಗುವುದು ಅವಳಿಂದ ಆಗಲಿಲ್ಲ.

"ಇಲ್ಲ," ಎಂದಳು. ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದಳು. "ಇಲ್ಲ. ಆಡಿದ್ದು ಆಡಿದ್ದೇ. ನೀನು ಇಳಿಜಾರಲ್ಲಿ ನಿಧಾನ, ನಾನು ಏರಲ್ಲಿ ನಿಧಾನ, ಮಂಗಳವಾರ ನೀನು ಕೇಳ್ಬೇಕಿತ್ತು. ಸಿಲ್ವೊ, ಇದನ್ನೆಲ್ಲ ನಾನು ಒಂಬೈನೂರ ನಲವತ್ತೆಂಟು ಮೀಟರಲ್ಲಿ ನಿಂತು, ಹಲಗೆ ನೋಡ್ಕೊಂಡೇ ಹೇಳ್ತಿದೀನಿ."

ಡಾಕ್ಟರ ಕಿವಿ ಕೆಂಪಾಯಿತು. ಅವರು ಹಲಗೆಯ ಕಡೆ ತಿರುಗಿ, ಅದೇ ಏನಾದರೂ ಸಹಾಯ ಮಾಡುತ್ತದೇನೋ ಎಂಬಂತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಹದಿನಾಲ್ಕು ವರ್ಷದಿಂದ ನಾನು ಕೇಳೋಕೆ ಮುಂಚೆ ಇಕ್ಕಳ ಕೈಗೆ ಇಡ್ತೀಯ," ಎಂದ ಸಿಲ್ವೊ. "ಇದೊಂದು ಮಾತನ್ನ ಬಾಯಿಂದ ತೆಗೆಯೋಕೆ ಬೆಳಿಗ್ಗೆಯಿಂದ ಸಾಯಂಕಾಲ ಮಾಡ್ದೆ. ರೋಗಿ ಆಗಿದ್ರೆ ಎದ್ದು ಓಡಿಹೋಗ್ತಿದ್ದ."

"ನಿನ್ನ ಮಂಡೀಲಾ? ಎಲ್ಲಿಗೆ ಓಡ್ತೀಯ?"

ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಪಕ್ಕದ ಬೇಲಿಯಾಚೆ ಒಂದು ಹಸು ಮೇಯುವುದು ಬಿಟ್ಟು ತಲೆಯೆತ್ತಿ ನೋಡಿತು.

ಕೆಳಗೆ ಹೋಗುವಾಗ ಸಿಲ್ವೊ, ಓಟ ತಾನೇ ಬಿಡುತ್ತೇನೆ, ತನಗೆ ವಯಸ್ಸಾಯಿತು ಎಂದ. ಪೊಲೋನಾ, ಬೇಡ, ತಾನೇ ಬಿಡುತ್ತೇನೆ ಎಂದಳು. ಸೇತುವೆ ಬರುವವರೆಗೆ ಇಬ್ಬರೂ ಬಿಡುವುದಕ್ಕೇ ಜಿದ್ದಿಗೆ ಬಿದ್ದರು. ಸೇತುವೆಯ ಮೇಲೆ ಪೊಲೋನಾ ನಿಂತುಬಿಟ್ಟಳು.

"ತಡಿ. ನಾವಿಬ್ರೂ ಯಾಕೆ ಬಿಡ್ಬೇಕು?"

ಹೋಟೆಲಿನಲ್ಲಿ ಗಾಶ್ಪರ್ ಮತ್ತು ನಿಕಾ ಬಿಯರು ಮುಗಿಸಿ ಸೇಬು ತುಂಬಿ ಬೇಯಿಸಿದ ಸ್ಟ್ರೂಡಲ್ ತಿನ್ನುತ್ತಿದ್ದರು. ಒದ್ದೆಯಾಗಿ, ಮೈಗೆಲ್ಲ ಹುಲ್ಲು ಅಂಟಿಸಿಕೊಂಡು ಒಳಗೆ ಬಂದ ಇಬ್ಬರನ್ನು ಕಂಡು ಗಂಡ ಹುಬ್ಬು ಹಾರಿಸಿದ, ಹೆಂಡತಿಯೂ ಹಾರಿಸಿದಳು.

"ಹೇಳಿದ್ದಾಯ್ತಾ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಕೇಳಿ, ಸಿಕ್ಕಿಬಿದ್ದೆವೆಂದು ಗೊತ್ತಾಗಿ, ತಟ್ಟೆ ನೋಡಿಕೊಂಡರು.

"ಆಯ್ತು," ಎಂದಳು ಪೊಲೋನಾ. "ಎರಡು ಹೆಸರು ಗಟ್ಟಿಯಾಯ್ತು. ಸಿಲ್ವೊ, ನಾನು. ಮೂರನೇದು ನಿಮ್ಮಿಬ್ಬರಲ್ಲಿ ಒಬ್ರು. ಮೇಲೆ ಹೋಗಿ, ಸಾವಿರ ದಾಟಿ, ಒಬ್ರಿಗೊಬ್ರು ಹೇಳ್ಕೊಂಡು ಬನ್ನಿ."

ಗಾಶ್ಪರನ ಬಾಯಲ್ಲಿದ್ದ ಸ್ಟ್ರೂಡಲ್ ಅಲ್ಲೇ ನಿಂತಿತು. ಅವನಿಗೆ ಹೆಚ್ಚು ಗಾಬರಿಯಾದದ್ದು ಯಾವುದಕ್ಕೆ ಎಂದು ಹೇಳುವುದು ಕಷ್ಟ, ಹೆಸರು ಹೋದದ್ದಕ್ಕೋ ಅಥವಾ ಸೇತುವೆಯ ಪಕ್ಕದ ಹೋಟೆಲಿನಲ್ಲಿ ಅವಳು ಡಾಕ್ಟರನ್ನು ಸಿಲ್ವೊ ಎಂದದ್ದಕ್ಕೋ.

"ಇಬ್ಬರಲ್ಲಿ ಒಬ್ರಾದ್ರೂ ಧೈರ್ಯ ಮಾಡ್ತೀರ ಅಂತ ಇಬ್ಬರಿಗೂ ಹೇಳಿದ್ವಿ," ಎಂದು ನಿಕಾ ಮುಖ ಹುಳ್ಳಗೆ ಮಾಡಿಕೊಂಡಳು. "ತಪ್ಪಾಯ್ತು. ಆದ್ರೆ ಹೀಗೆ ಓಡಿದ್ರೆ ನಾವು ಕೊನೇಲಿ ಬರ್ತೀವಿ, ಅದು ಗೊತ್ತಿರಲಿ."

"ಬರೋಣ. ಯಾರಿಗೆ ಅವಸರ?" ಎಂದ ಸಿಲ್ವೊ, ಅವಳ ತಟ್ಟೆಯಿಂದ ಸ್ಟ್ರೂಡಲ್ ಮುರಿದುಕೊಳ್ಳುತ್ತ.

ಗಂಡ ಹೆಂಡತಿಯ ಜಗಳ ವ್ಯಾನಿನಲ್ಲಿ ಊರವರೆಗೂ ನಡೆಯಿತು. ಊರು ಸೇರುವಷ್ಟರಲ್ಲಿ ಗಾಶ್ಪರ್ ಸೋತಿದ್ದ. ಹಿಮದ ಕೊರಕಲಿನ ಹತ್ತಿರ ನಿಂತು ಮೆಟ್ಟಿಲು ಕಡಿಯುವ ಕೆಲಸ ತನ್ನದು, ಆದರೆ ಕಿರುಚಿ ಹುರಿದುಂಬಿಸುವುದಿಲ್ಲ ಎಂದು ಷರತ್ತು ಹಾಕಿದ.

ಅಗ್ನಿಶಾಮಕ ಠಾಣೆಯ ಮುಂದಿನ ಚೌಕದಲ್ಲಿ ಭಾನುವಾರ ಸಂಜೆಯ ಜನ ಸೇರಿದ್ದರು. ಬೆಂಚಿನ ಮೇಲೆ ಮುದುಕಿಯರು, ಬಿಯರು ಹಿಡಿದ ದಳದವರು, ಕಾರಂಜಿಯ ಸುತ್ತ ಮಕ್ಕಳು. ಅವರಲ್ಲಿ ಡಾಕ್ಟರಿಂದ ಬಾಯೊಳಗೆ ಕೈಹಾಕಿಸಿಕೊಳ್ಳದವರು ಯಾರೂ ಇರಲಿಲ್ಲ. "ನಮಸ್ಕಾರ ಡಾಕ್ಟ್ರೇ", "ನಮಸ್ಕಾರ ಡಾಕ್ಟ್ರೇ" ಎಂದು ನಾಲ್ಕೂ ಕಡೆಯಿಂದ ಬಂತು. ಪೊಲೋನಾ ಕಣ್ಣಂಚಿನಲ್ಲೇ ನೋಡಿದಳು. ಡಾಕ್ಟರ ಬೆನ್ನು ಮತ್ತೆ ನೆಟ್ಟಗಾಗುತ್ತಿತ್ತು, ಕೈ ಟೋಪಿಗೆ ಹೋಗುತ್ತಿತ್ತು. ಅಷ್ಟೇ, ಮುಗಿಯಿತು ಎಂದುಕೊಂಡಳು. 'ನೀನು' ಎನ್ನುವುದು ಹೋಟೆಲಿನವರೆಗಾದರೂ ಬಂತಲ್ಲ, ಅದೇ ದೊಡ್ಡದು.

ದಳದ ಮುಖ್ಯಸ್ಥ ಮೂರು ಹೆಸರು ಬರೆದುಕೊಂಡ. ಡಾಕ್ಟರು ಅವನಿಗೆ ಧನ್ಯವಾದ ಹೇಳಿ, ಬೆಂಚಿನ ಮುದುಕಿಯರಿಗೆ ತಲೆಬಾಗಿ, ಎರಡು ಹೆಜ್ಜೆ ಮನೆಯ ಕಡೆ ಇಟ್ಟರು. ನಿಂತರು. ವಾಪಸು ಬಂದರು. ಚೌಕದ ನಡುವೆ, ಎಲ್ಲರ ಎದುರಿಗೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಬೆವರುತ್ತ, ಸ್ವಲ್ಪ ಜೋರಾಗಿಯೇ ಕೇಳಿದರು.

"ಪೊಲೋನಾ, ನಿನ್ನ ಅಮ್ಮ ಹೇಗಿದ್ದಾರೆ?"

ಬೆಂಚಿನ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಳದ ಮುಖ್ಯಸ್ಥ ಪೆನ್ನು ಹಿಡಿದೇ ತಲೆಯೆತ್ತಿದ. ಒಂದು ವರ್ಷ ತಡವಾಗಿ ಬಂದಿದ್ದರೂ ಆ ಪ್ರಶ್ನೆ ಪೊಲೋನಾಳಿಗೆ ಎಷ್ಟು ಬೇಕಾಗಿತ್ತು ಎಂದು ಆಗ ತಿಳಿಯಿತು.

"ಚೆನ್ನಾಗಿದ್ದಾಳೆ," ಎಂದಳು. "ನಿನ್ನೆ ತಾನೇ ನಿನ್ನನ್ನ ಬೈತಿದ್ಲು."

"ಯಾಕೆ?"

"ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಒಸಡಿಗೆ ಕಚ್ಚುತ್ತಂತೆ, ಸಿಲ್ವೊ."

"ನಾಳೆ ಬರೋವಾಗ ಜೊತೇಲೇ ಕರ್ಕೊಂಡು ಬಾ," ಎಂದ ಸಿಲ್ವೊ. "ಮೊದಲು ಅವರದ್ದೇ ನೋಡ್ತೀನಿ."